ಉತ್ತರಕ್ಕೆ ಹೋದ ಹುಡುಗ

ಕಾರ್ಡಿಫ್ ಸೆಂಟ್ರಲ್ ಸ್ಟೇಷನ್ನಿನಿಂದ ಹೊರಗೆ ಬಂದವರಿಗೆ ಊರು ಕಾಣುವ ಮೊದಲು ಕ್ರೀಡಾಂಗಣ ಕಾಣುತ್ತದೆ. ಸುಮಾರು 74,000 ಜನ ಕೂರಬಹುದಾದ ಆ ಕಟ್ಟಡ ಊರ ಹೊರಗಿಲ್ಲ, ಪೇಟೆಯ ನಟ್ಟನಡುವೆಯೇ ಇದೆ. ಹೋಟೆಲು, ಪಬ್ಬು, ಬಟ್ಟೆಯಂಗಡಿಗಳೆಲ್ಲ ಅದರ ಸುತ್ತ, ದೇವಸ್ಥಾನದ ಸುತ್ತ ರಥಬೀದಿ ಬೆಳೆದ ಹಾಗೆ ಬೆಳೆದುಕೊಂಡಿವೆ. ಪಕ್ಕದಲ್ಲಿ ಟ್ಯಾಫ್ ನದಿ. ಅಕ್ಟೋಬರಿನ ಬೆಳಿಗ್ಗೆ, ಮಳೆಯೆಂದು ಕರೆಯಲಾಗದಷ್ಟು ಸಣ್ಣ ತುಂತುರು. ಇಲ್ಲಿ ಓದುತ್ತಿರುವ ಅಣ್ಣನ ಮಗ ಕೊಡೆ ಬಿಚ್ಚುತ್ತ ಹೇಳಿದ: “ಚಿಕ್ಕಪ್ಪ, ಮ್ಯಾಚ್ ಇದ್ದ ದಿನ ಈ ರಸ್ತೇಲಿ ಕಾಲಿಡೋಕೆ ಜಾಗ ಇರಲ್ಲ. ಜನ ಹಾಡೋಕೆ ಶುರುಮಾಡಿದ್ರೆ ಹೊಳೆಯ ಆಚೆ ದಂಡೆಗೂ ಕೇಳುತ್ತೆ.”

ನಾನು ನೋಡಬೇಕೆಂದುಕೊಂಡದ್ದು ಈ ಕ್ರೀಡಾಂಗಣವನ್ನಲ್ಲ, ಇದು ಏಳುವ ಮೊದಲು ಇಲ್ಲಿದ್ದ ಹಳೆಯ ಆರ್ಮ್ಸ್ ಪಾರ್ಕ್ ಮೈದಾನವನ್ನು. ಅದೇ ಹೆಸರಿನ ಸಣ್ಣ ಮೈದಾನವೊಂದು ಈಗಲೂ ಇದರ ಬೆನ್ನಿಗೆ ಅಂಟಿಕೊಂಡಿದೆ. ಹಳೆಯ ರಗ್ಬಿ ಮೈದಾನದ ಜಾಗದಲ್ಲಿ ಮಾತ್ರ 1999ರಲ್ಲಿ ಈ ಉಕ್ಕು, ಕಾಂಕ್ರೀಟು ಎದ್ದು ನಿಂತಿತು. 1920–21ರ ಚಳಿಗಾಲದಲ್ಲಿ, ಆ ಕೆಸರಿನಲ್ಲಿ, ಕಾರ್ಡಿಫ್ ಕ್ಲಬ್ಬಿನ ಫುಲ್‌ಬ್ಯಾಕ್ ಆಗಿ ಇದೇ ಊರಲ್ಲಿ ಹುಟ್ಟಿದ ಹುಡುಗನೊಬ್ಬ ಆಡುತ್ತಿದ್ದ. ಹೆಸರು ಜಿಮ್ ಸಲಿವನ್. 1903ರ ಡಿಸೆಂಬರ್ 2ರಂದು ಹುಟ್ಟಿದವನು. ಆಹ್ವಾನ ಸಿಕ್ಕವರಷ್ಟೇ ಆಡುವ ಬಾರ್ಬೇರಿಯನ್ಸ್ ತಂಡ 1920ರ ಡಿಸೆಂಬರ್ ಕೊನೆಯಲ್ಲಿ ಅವನನ್ನು ಕರೆದಾಗ ಹದಿನೇಳು ತುಂಬಿ ನಾಲ್ಕು ವಾರವೂ ಆಗಿರಲಿಲ್ಲ. ಇನ್ನೆರಡು ವರ್ಷದಲ್ಲಿ ವೇಲ್ಸ್‌ನ ಕೆಂಪು ಜರ್ಸಿ ಇವನದೇ ಎಂದು ಯಾರಾದರೂ ನಂಬಬಹುದಾಗಿತ್ತು. ಆ ಆಟದಲ್ಲಿ ಆ ಜರ್ಸಿಯನ್ನು ಅವನು ಒಂದು ದಿನವೂ ತೊಡಲಿಲ್ಲ. ಮುಂದಿನ ಜೂನ್‌ನಲ್ಲಿ ಉತ್ತರ ಇಂಗ್ಲೆಂಡಿನ ವಿಗನ್ ಎಂಬ ಊರಿನ ಕ್ಲಬ್ಬು 750 ಪೌಂಡ್ ಕೊಟ್ಟಿತು. ಹುಡುಗ ರೈಲು ಹತ್ತಿದ.

ರಗ್ಬಿ ನೋಡದವರಿಗೆ ನಾಲ್ಕು ಮಾತು ಹೇಳಬೇಕು. ಮೊಟ್ಟೆಯಾಕಾರದ ಚೆಂಡು. ಅದನ್ನು ಹಿಡಿದು ಮುಂದಕ್ಕೆ ಓಡಬಹುದು, ಕೈಯಿಂದ ಎಸೆಯುವುದಾದರೆ ಮಾತ್ರ ಹಿಂದಕ್ಕೇ ಎಸೆಯಬೇಕು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ. ಆಮೇಲೆ ಎರಡು ಎತ್ತರದ ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಒದ್ದರೆ ಗೋಲು. 1895ರವರೆಗೆ ಇಂಗ್ಲೆಂಡಿನಲ್ಲಿ ಎಲ್ಲರೂ ಆಡುತ್ತಿದ್ದದ್ದು ಒಂದೇ ರಗ್ಬಿ. ಉತ್ತರದ ಯಾರ್ಕ್‌ಷೈರ್, ಲ್ಯಾಂಕಷೈರ್‌ಗಳ ಆಟಗಾರರಲ್ಲಿ ಬಹಳಷ್ಟು ಜನ ಗಣಿಯಲ್ಲಿ, ನೂಲಿನ ಗಿರಣಿಯಲ್ಲಿ ದುಡಿಯುವವರು. ಶನಿವಾರವೂ ಅರ್ಧ ದಿನ ಕೆಲಸ. ಪಂದ್ಯಕ್ಕೆ ಹೋದರೆ ಆ ಹೊತ್ತಿನ ಕೂಲಿ ಖೋತಾ. ಹೋದ ಕೂಲಿಯನ್ನಾದರೂ ತುಂಬಿಕೊಡಿ ಎಂದು ಅವರ ಕ್ಲಬ್ಬುಗಳು ಕೇಳಿದವು. ದಕ್ಷಿಣದ ಯಜಮಾನರು, ಆಟಕ್ಕೆ ಕಾಸು ಮುಟ್ಟಿದವನು ಆಟಗಾರನೇ ಅಲ್ಲ ಎಂದರು. ಆ ವರ್ಷದ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ ಉತ್ತರದ ಕ್ಲಬ್ಬುಗಳು ಬೇರೆಯಾದವು. ಹಿಸೆಯಾದ ಮೇಲೆ ಒಂದೊಂದು ಮನೆಯೂ ತನ್ನದೇ ಅಡುಗೆ ಮಾಡಿಕೊಳ್ಳುವಂತೆ, ಉತ್ತರದವರು ನಿಯಮಗಳನ್ನೂ ಬದಲಿಸಿಕೊಂಡರು. 1906ರಿಂದ ಹದಿನೈದರ ಬದಲು ಹದಿಮೂರು ಆಟಗಾರರು. ಹಳೆಯದು ರಗ್ಬಿ ಯೂನಿಯನ್, ಹೊಸದು ರಗ್ಬಿ ಲೀಗ್.

ವೇಲ್ಸ್ ಯೂನಿಯನ್ ಜೊತೆಗೇ ಉಳಿಯಿತು. ನನ್ನನ್ನು ಎಷ್ಟೋ ದಿನ ಕಾಡಿದ್ದು ಇದೇ. ವೇಲ್ಸ್‌ನ ಆಟಗಾರರೂ ಗಣಿಯವರು, ತಾಮ್ರದ ಕುಲುಮೆಯವರು, ಹಡಗುಕಟ್ಟೆಯವರು. ಕೂಲಿ ಖೋತಾ ಆಗುವ ಕಷ್ಟ ಯಾರಿಗೆ ಚೆನ್ನಾಗಿ ತಿಳಿಯಬೇಕಿತ್ತೋ ಅವರ ದೇಶವೇ ಆ ಕಷ್ಟಕ್ಕೆ ಉತ್ತರ ಹುಡುಕಿದವರ ಜೊತೆ ನಿಲ್ಲಲಿಲ್ಲ. ಒಮ್ಮೆ ಲೀಗಿನ ಕಾಗದಕ್ಕೆ ಸಹಿ ಹಾಕಿದವನಿಗೆ ಜನ್ಮವಿಡೀ ಬಹಿಷ್ಕಾರ. ಅವನು ತಿರುಗಿ ಆಡುವಂತಿಲ್ಲ, ಚಿಕ್ಕ ಹುಡುಗರಿಗೆ ಕಲಿಸಿಕೊಡುವಂತೆಯೂ ಇಲ್ಲ. ಊರಲ್ಲಿ ಇದಕ್ಕೆ ಎರಡೇ ಪದ: ‘ಉತ್ತರಕ್ಕೆ ಹೋದ’. ಸತ್ತವರ ಸುದ್ದಿಯನ್ನು ನೇರವಾಗಿ ಹೇಳದೆ ಬಳಸಿ ಹೇಳುವಾಗಿನ ದನಿಯೇ ಇದರಲ್ಲಿಯೂ ಇದ್ದಂತೆ ನನಗೆ ಕೇಳಿಸುತ್ತದೆ.

ಮಧ್ಯಾಹ್ನ ಬ್ಯೂಟ್ ಸ್ಟ್ರೀಟ್ ಹಿಡಿದು ಸಮುದ್ರದ ಕಡೆ ನಡೆದೆವು. ಹಿಂದೆ ಇದು ಟೈಗರ್ ಬೇ. ಕಲ್ಲಿದ್ದಲು ಹೊತ್ತ ಹಡಗುಗಳು ಲೋಕದ ಎಲ್ಲ ಮೂಲೆಗೂ ಹೋಗುತ್ತಿದ್ದ ಕಾಲದಲ್ಲಿ ಸೊಮಾಲಿ, ಯೆಮನಿ, ಪಶ್ಚಿಮ ಆಫ್ರಿಕಾದ, ಕೆರಿಬಿಯನ್ನಿನ ನಾವಿಕರು ಇಲ್ಲಿ ಸಂಸಾರ ಹೂಡಿದರು. ಬೇಯಲ್ಲಿ ಈಗ ಕಾಫಿ ಅಂಗಡಿಗಳು, ಕೆಂಪು ಇಟ್ಟಿಗೆಯ ಪಿಯರ್‌ಹೆಡ್ ಕಟ್ಟಡ, ವೇಲ್ಸ್ ಶಾಸನಸಭೆ. ಅಲ್ಲೇ ಹತ್ತಿರದ ಲ್ಯಾಂಡ್‌ಸೀ ಗಾರ್ಡನ್ಸ್‌ನಲ್ಲಿ ಮೂವರು ಆಟಗಾರರ ಕಂಚಿನ ಪ್ರತಿಮೆ ಇದೆ. 2023ರ ಜುಲೈನಲ್ಲಿ ಅನಾವರಣವಾದದ್ದು; ಶಿಲ್ಪಿ ಸ್ಟೀವ್ ವಿಂಟರ್‌ಬರ್ನ್. ಮೂವರಲ್ಲಿ ಒಬ್ಬ ಸಲಿವನ್ ಎಂದು ಗೊತ್ತಿದ್ದರಿಂದ ಜಿಮ್ ಇಲ್ಲಿ ಸಿಕ್ಕೇಬಿಟ್ಟ ಎಂದುಕೊಂಡು ಹೋಗಿದ್ದೆ. ಆದರೆ ಅವನು ಬೇರೆ ಸಲಿವನ್, ಕ್ಲೈವ್. ಜಿಮ್‌ಗಿಂತ ನಲವತ್ತು ವರ್ಷ ಚಿಕ್ಕವನು, ಇದೇ ಊರಿನ ಸ್ಪ್ಲಾಟ್ ಬಡಾವಣೆಯವನು, 1972ರಲ್ಲಿ ವಿಶ್ವಕಪ್ ಗೆದ್ದ ಬ್ರಿಟನ್ ಲೀಗ್ ತಂಡದ ನಾಯಕ. ಬ್ರಿಟನ್ನಿನ ಯಾವುದೇ ಆಟದ ರಾಷ್ಟ್ರೀಯ ತಂಡಕ್ಕೂ ಅವನೇ ಮೊದಲ ಕಪ್ಪು ನಾಯಕ. ಅವನ ಜೊತೆ ಗಸ್ ರಿಸ್ಮನ್, ಬಿಲ್ಲಿ ಬೋಸ್ಟನ್. ಮೂವರೂ ಕಾರ್ಡಿಫ್‌ನವರು, ಮೂವರೂ ಉತ್ತರಕ್ಕೆ ಹೋದವರು.

ಬೋಸ್ಟನ್ನನ ಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. 1953ರಲ್ಲಿ ವಿಗನ್ ಕ್ಲಬ್ಬಿನವರು ಟೈಗರ್ ಬೇಯ ಏಂಜಲಿನಾ ಸ್ಟ್ರೀಟಿನ ಅವನ ಮನೆಗೆ ಬಂದರು. ಮೇಜಿನ ಮೇಲೆ ನೋಟು ಎಣಿಸಿಟ್ಟರು. ತಾಯಿಗೆ ಮಗನನ್ನು ಕಳಿಸುವ ಮನಸ್ಸಿಲ್ಲ. ಒಲ್ಲೆನೆಂದು ಬಾಯಿಬಿಟ್ಟು ಹೇಳುವ ಬದಲು, ಕೊಡಲಾರರೆಂಬ ಧೈರ್ಯದಲ್ಲಿ 3,000 ಪೌಂಡ್ ಕೇಳಿದರು. ಬಂದವರು ಸರಿ ಎಂದುಬಿಟ್ಟರು. ಆಡಿದ ಮಾತಿಗೆ ತಪ್ಪುವಂತಿಲ್ಲ. ಹದಿನೆಂಟರ ಹುಡುಗ ಸಹಿ ಹಾಕಿದ. ಅವನ ತಂದೆ ಸಿಯೆರಾ ಲಿಯೋನ್‌ನವರು. ಯೂನಿಯನ್‌ನಲ್ಲಿ ವೇಲ್ಸ್ ಪರ ಕಪ್ಪು ಆಟಗಾರನೊಬ್ಬ ಆಡಿದ್ದು 1983ರಲ್ಲಿ, ಬೋಸ್ಟನ್ ಹೊರಟು ಮೂವತ್ತು ವರ್ಷದ ಮೇಲೆ. ಹಾಗಾಗಿ ಅವನು ಹೋದದ್ದು ಹಣಕ್ಕಷ್ಟೇ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕದ ಇಲ್ಲಿಯೇ ಮುಚ್ಚಿತ್ತು. ಅವನು ಒಟ್ಟು 571 ಟ್ರೈ ಗಳಿಸಿದ. ಲೀಗ್ ಆಟಗಾರನೊಬ್ಬನಿಗೆ ಸರ್ ಪದವಿ ಬಂದದ್ದು 2025ರಲ್ಲಿ, ಅದೂ ಅವನಿಗೇ, ತೊಂಬತ್ತನೆಯ ವಯಸ್ಸಿನಲ್ಲಿ. ಆಟ ಹುಟ್ಟಿ ನೂರ ಮೂವತ್ತು ವರ್ಷ ಯಾರಿಗೂ ಸಿಗದಿದ್ದ ಮರ್ಯಾದೆ.

ಮರುದಿನ ನಾನೊಬ್ಬನೇ ವಿಗನ್‌ಗೆ ಹೊರಟೆ. ಅಣ್ಣನ ಮಗ ಹೋಗಿ ಬರುವ ಟಿಕೆಟ್ ತೆಗೆಸಿಕೊಟ್ಟಿದ್ದ: ಕಿತ್ತಳೆ ಅಂಚಿನ ಎರಡು ಚೀಟಿ, ಒಂದು ಹೋಗಲು, ಒಂದು ಬರಲು. “ಬರೋ ಚೀಟಿ ಜೋಪಾನ ಚಿಕ್ಕಪ್ಪ, ಕಳೆದ್ರೆ ಮತ್ತೆ ಪೂರ್ತಿ ದುಡ್ಡು,” ಎಂದು ಎರಡೆರಡು ಸಲ ಹೇಳಿದ. ನ್ಯೂಪೋರ್ಟ್ ದಾಟಿ ರೈಲು ಬಡಗಣಕ್ಕೆ ತಿರುಗುತ್ತದೆ. ಅಬರ್ಗವೆನಿಯ ಹತ್ತಿರ ಗುಡ್ಡಗಳು ಎರಡೂ ಕಡೆಯಿಂದ ಇಣುಕುತ್ತವೆ. ತಪ್ಪಲಿನ ತುಂಬ ಕುರಿ, ಇಬ್ಬನಿ. ಆಮೇಲೆ ಸದ್ದಿಲ್ಲದೆ ಇಂಗ್ಲೆಂಡು. ಗಡಿ ದಾಟಿದ್ದು ಗೊತ್ತಾಗುವುದು ಸ್ಟೇಷನ್ ಫಲಕದಿಂದ. ಇಲ್ಲಿಯವರೆಗೆ ಎರಡು ಭಾಷೆಯಲ್ಲಿದ್ದ ಹೆಸರುಗಳು ಹೆರಿಫರ್ಡ್ ಬರುವ ಹೊತ್ತಿಗೆ ಒಂದೇ ಭಾಷೆಯವಾಗಿಬಿಟ್ಟಿದ್ದವು.

ಉತ್ತರದ ಹಾದಿ ತುಳಿದವರಲ್ಲಿ ಜಿಮ್ ಮೊದಲನೆಯವನೇನಲ್ಲ. ಸ್ವಾನ್ಸಿಯ ಡೇವಿಡ್ ಮತ್ತು ಇವಾನ್ ಜೇಮ್ಸ್ ಸೋದರರು ತಾಮ್ರದ ಕಾರ್ಖಾನೆಯ ಕೆಲಸಗಾರರು. 1892ರಲ್ಲಿ, ಆಟ ಇನ್ನೂ ಎರಡಾಗುವ ಮೊದಲೇ, ಲ್ಯಾಂಕಷೈರಿನ ಬ್ರಾಟನ್ ರೇಂಜರ್ಸ್ ಸೇರಿ ಹಣ ಪಡೆದವರೆಂದು ಹೊರಹಾಕಿಸಿಕೊಂಡರು. 1896ರಲ್ಲಿ ಕ್ಷಮೆ ಸಿಕ್ಕಿತು. 1899ರ ಜನವರಿಯಲ್ಲಿ ತಮ್ಮೂರಿನಲ್ಲೇ ವೇಲ್ಸ್ ಪರ ಆಡಿ ಇಂಗ್ಲೆಂಡನ್ನು 26–3ರಿಂದ ಬಡಿದ ತಂಡದಲ್ಲಿ ಇಬ್ಬರೂ ಇದ್ದರು. ಊರು ಅವರನ್ನು ಹೊತ್ತು ಮೆರೆಸಿದ ಕೆಲವೇ ವಾರಗಳಲ್ಲಿ ಗಂಟುಮೂಟೆ ಕಟ್ಟಿ ಮತ್ತೆ ಉತ್ತರಕ್ಕೆ ಹೋದರು, ಈ ಸಲ ಖಾಯಮ್ಮಾಗಿ. ಇನ್ನೊಬ್ಬ ಅಬರ್ಡೇರಿನ ಡಾಯ್ ಜೋನ್ಸ್. ಮೈಕಟ್ಟು ನೋಡಿ ಜನ ‘ತಾರು’ ಎಂದು ಕರೆಯುತ್ತಿದ್ದರು. ವೆಲ್ಷ್ ಭಾಷೆಯಲ್ಲಿ ಹಾಗೆಂದರೆ ಗೂಳಿ. 1905ರಲ್ಲಿ ನ್ಯೂಜಿಲೆಂಡ್ ತಂಡವನ್ನು 3–0ಯಿಂದ ಸೋಲಿಸಿದ ವೇಲ್ಸ್ ಹದಿನೈದರಲ್ಲಿ ಅವನೊಬ್ಬ. ವೇಲ್ಸ್ ಇಂದಿಗೂ ಹಬ್ಬದಂತೆ ನೆನೆಯುವ ಗೆಲುವದು. ಎರಡೇ ವರ್ಷದಲ್ಲಿ ಹಣ ಪಡೆದನೆಂದು ಬಹಿಷ್ಕಾರ. 1908ರ ಹೊಸ ವರ್ಷದ ದಿನ, ಅವನ ಊರು ಅಬರ್ಡೇರಿನಲ್ಲೇ, ವೇಲ್ಸ್ ತನ್ನ ಮೊದಲ ಲೀಗ್ ಅಂತರರಾಷ್ಟ್ರೀಯ ಪಂದ್ಯ ಆಡಿತು. ಎದುರಾಳಿ ಮತ್ತೆ ನ್ಯೂಜಿಲೆಂಡ್. ವೇಲ್ಸ್ 9–8ರಿಂದ ಗೆದ್ದಿತು, ಗೆಲುವಿನ ಟ್ರೈ ಡಾಯ್‌ನದು. ಮೊದಲ ಗೆಲುವು ಎಲ್ಲರ ಬಾಯಲ್ಲಿದೆ. ಎರಡನೆಯದನ್ನು ಬಲ್ಲವರು ಕಾರ್ಡಿಫ್‌ನಲ್ಲಿ ನನಗೆ ಒಬ್ಬರೂ ಸಿಗಲಿಲ್ಲ.

ಜಿಮ್ ಯಾಕೆ ಹೋದ ಎಂದು ಕೇಳುವವರು 1921ರ ಪಂಚಾಂಗವನ್ನೊಮ್ಮೆ ತೆರೆದು ನೋಡಬೇಕು. ಯುದ್ಧ ಮುಗಿದ ಮೇಲೆ ಕಲ್ಲಿದ್ದಲಿನ ಬೆಲೆ ಕುಸಿಯಿತು. ಗಣಿಯ ಮಾಲೀಕರು ಕೂಲಿ ಇಳಿಸಿದರು, ಕೆಲಸಗಾರರು ಒಪ್ಪಲಿಲ್ಲ, ಏಪ್ರಿಲ್ 1ರಂದು ಗಣಿಗಳಿಗೆ ಬೀಗ ಬಿತ್ತು. ಕಲ್ಲಿದ್ದಲನ್ನೇ ಉಂಡು ಬೆಳೆದ ಬಂದರು ಕಾರ್ಡಿಫ್. ಗಣಿ ನಿಂತರೆ ಹಡಗು ನಿಂತಿತು, ಹಡಗು ನಿಂತರೆ ಹಡಗುಕಟ್ಟೆಯ ಮನೆಗಳಲ್ಲಿ ಒಲೆ ನಿಂತಿತು. ಆ ಬೀಗ ತೆರೆದದ್ದು ಜುಲೈನಲ್ಲಿ. ಜಿಮ್ ಸಹಿ ಹಾಕಿದ್ದು ಜೂನ್‌ನಲ್ಲಿ. ಅಂಥ ತಿಂಗಳಲ್ಲಿ ಹದಿನೇಳರ ಹುಡುಗನ ಮುಂದೆ 750 ಪೌಂಡ್ ಇಟ್ಟವರನ್ನು ಆಸೆ ಹಚ್ಚಿದವರು ಎನ್ನಲಿ, ತೆಗೆದುಕೊಂಡವನನ್ನು ಆಸೆಬುರುಕ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಕ್ರೂವ್‌ನಲ್ಲಿ ರೈಲು ಬದಲಿಸಿ ವಿಗನ್ ನಾರ್ತ್ ವೆಸ್ಟರ್ನ್‌ನಲ್ಲಿ ಇಳಿದಾಗ ಮಳೆ ನಿಜವಾದ ಮಳೆಯಾಗಿತ್ತು. ಕೆಂಪು ಇಟ್ಟಿಗೆಯ ಊರು. ಗಿರಣಿಗಳ ಹೊಗೆಗೊಳವೆ ಬಹಳ ಉಳಿದಿಲ್ಲ. 1898ರಿಂದ ಇಲ್ಲಿ ತಯಾರಾಗುವ ಅಂಕಲ್ ಜೋಸ್ ಪೆಪ್ಪರ್‌ಮಿಂಟಿನ ಒಂದು ಡಬ್ಬಿ ಕೊಂಡೆ. ಬಾಯಿಗಿಟ್ಟರೆ ಮೂಗಿನ ತನಕ ಘಾಟು. ಊರ ನಡುವಿನ ಚೌಕದಲ್ಲಿ ಬಿಲ್ಲಿ ಬೋಸ್ಟನ್ ಇಲ್ಲೂ ಕಂಚಾಗಿ ನಿಂತಿದ್ದಾನೆ, 2016ರಿಂದ. ಹುಟ್ಟಿದೂರಿಗಿಂತ ಏಳು ವರ್ಷ ಮೊದಲೇ ಸೇರಿದೂರು ಅವನನ್ನು ನಿಲ್ಲಿಸಿಕೊಂಡಿದೆ.

ನಾನು ಹುಡುಕಿಕೊಂಡು ಹೋದದ್ದು ಸೆಂಟ್ರಲ್ ಪಾರ್ಕ್. ಡಗ್ಲಸ್ ಎಂಬ ಸಣ್ಣ ಹೊಳೆಯ ಪಕ್ಕ 1902ರಿಂದ ವಿಗನ್ ಆಡುತ್ತಿದ್ದ ಮೈದಾನ. 1959ರಲ್ಲಿ ಒಂದೇ ಪಂದ್ಯಕ್ಕೆ 47,747 ಜನ ತುಂಬಿದ್ದ ಜಾಗ. ಅದು ಮುಚ್ಚಿದ್ದು 1999ರಲ್ಲಿ, ಆರ್ಮ್ಸ್ ಪಾರ್ಕ್‌ನ ನೆಲದ ಮೇಲೆ ಹೊಸ ಕ್ರೀಡಾಂಗಣ ಎದ್ದ ವರ್ಷವೇ. ಜಿಮ್‌ನ ಎರಡು ಮೈದಾನಗಳೂ ಈಗ ಇಲ್ಲ. ಇಲ್ಲಿ ಈಗ ಟೆಸ್ಕೊ ಸೂಪರ್ ಮಾರ್ಕೆಟ್. ಗಾಜಿನ ಬಾಗಿಲು ತಾನಾಗಿ ತೆರೆದುಕೊಂಡಿತು. ಬ್ರೆಡ್ಡಿನ ಸಾಲು, ಹಾಲಿನ ಸಾಲು, ಹಣ್ಣಿನ ಸಾಲು. ತಳ್ಳುಗಾಡಿ ಹಿಡಿದು ಆ ಸಾಲುಗಳ ನಡುವೆ ನಡೆಯುತ್ತ, ಗೋಲಿನ ಕಂಬ ಎಲ್ಲಿದ್ದಿರಬಹುದು ಎಂದು ಲೆಕ್ಕ ಹಾಕಲು ನೋಡಿದೆ. ಆಗಲಿಲ್ಲ. ದುಃಖವೂ ಆಯಿತು, ಕೋಪವೂ ಬಂತು. ಒಬ್ಬ ಮನುಷ್ಯ ಇಪ್ಪತ್ತೈದು ವರ್ಷ ಬೆವರು ಸುರಿಸಿದ ನೆಲವನ್ನು ನೋಡಲೆಂದು ಬಂದವನಿಗೆ ಅಲ್ಲಿ ಹಿಡಿ ಹುಲ್ಲಾದರೂ ಇರಬೇಕಿತ್ತು.

ಆಗಿನ ಚೆಂಡು ತೊಗಲಿನದು. ಮಳೆ ಬಂದರೆ ನೀರು ಕುಡಿದು ಭಾರವಾಗುವಂಥದು. ಈಗಿನ ಹಾಗೆ ಚೆಂಡು ನಿಲ್ಲಿಸಲು ಪ್ಲಾಸ್ಟಿಕ್ ಆಸರೆ ಇಲ್ಲ. ಹಿಮ್ಮಡಿಯಲ್ಲಿ ಮಣ್ಣು ಕೆತ್ತಿ, ಗುಳಿ ಮಾಡಿ, ಅದರಲ್ಲಿ ಚೆಂಡು ನೆಟ್ಟು, ನೇರ ಓಡಿ ಬಂದು ಬೂಟಿನ ತುದಿಯಿಂದ ಒದೆಯಬೇಕು. 1921ರ ಆಗಸ್ಟಿನಲ್ಲಿ ವಿಡ್ನೆಸ್ ವಿರುದ್ಧ ತನ್ನ ಮೊದಲ ಪಂದ್ಯದಲ್ಲೇ ಜಿಮ್ ಐದು ಗೋಲು ಒದ್ದ. ಅಲ್ಲಿಂದಾಚೆ ಹದಿನೆಂಟು ಋತು ಒಂದೇ ಸಮ, ಪ್ರತಿ ವರ್ಷ ನೂರು ಗೋಲಿಗೆ ಕಡಿಮೆಯಿಲ್ಲ. 1925ರ ಫೆಬ್ರವರಿ 14ರಂದು ಕಂಬರ್ಲೆಂಡಿನ ಸಣ್ಣ ತಂಡ ಫ್ಲಿಂಬಿ ಅಂಡ್ ಫೋದರ್‌ಗಿಲ್ ಎದುರು ವಿಗನ್ 116–0ಯಿಂದ ಗೆದ್ದಾಗ ಅವನೊಬ್ಬನದೇ 22 ಗೋಲು. ಆ ಪಂದ್ಯವನ್ನು ನಾನು ಅಷ್ಟಾಗಿ ಮೆಚ್ಚಲಾರೆ. ಸೋತ ಬಡಪಾಯಿಗಳ ಮುಖವೇ ಕಣ್ಮುಂದೆ ಬರುತ್ತದೆ. ನನಗೆ ದೊಡ್ಡದಾಗಿ ಕಾಣುವುದು ಬೇರೆ ಎರಡು ಲೆಕ್ಕ: ಎಲ್ಲ ಸೇರಿ 928 ಪಂದ್ಯ, 2,867 ಗೋಲು. ಎರಡನ್ನೂ ಇಂದಿನವರೆಗೆ ಯಾರೂ ದಾಟಿಲ್ಲ. ಮೈಗೆ ಮೈ ಡಿಕ್ಕಿ ಹೊಡೆಯುವ ಆಟದಲ್ಲಿ, ಎಲ್ಲರನ್ನೂ ದಾಟಿ ನುಗ್ಗಿ ಬಂದವನನ್ನು ಕೊನೆಯಲ್ಲಿ ಒಬ್ಬನೇ ತಡೆಯಬೇಕಾದ ಫುಲ್‌ಬ್ಯಾಕ್ ಜಾಗದಲ್ಲಿ ನಿಂತು 928 ಪಂದ್ಯ!

1929ರ ಮೇ 4ರಂದು ಲೀಗಿನ ಚಾಲೆಂಜ್ ಕಪ್ ಫೈನಲ್ ಮೊದಲ ಬಾರಿ ಲಂಡನ್ನಿನ ವೆಂಬ್ಲಿಗೆ ಹೋಯಿತು. ಉತ್ತರದ ಕೂಲಿಕಾರರ ಆಟ ರಾಜಧಾನಿಯಲ್ಲಿ ಕಾಲೂರಿದ ದಿನ. ವಿಗನ್ ನಾಯಕ ಜಿಮ್. ಆಟ ಶುರುವಾದ ಕೆಲವೇ ನಿಮಿಷಕ್ಕೆ ಪೆನಾಲ್ಟಿ ಒದ್ದ. ವೆಂಬ್ಲಿಯಲ್ಲಿ ಲೀಗಿನ ಮೊದಲ ಅಂಕಗಳು ಅವನ ಬೂಟಿನಿಂದಲೇ ಬಂದವು. ಡ್ಯೂಸ್ಬರಿ ವಿರುದ್ಧ 13–2ರಿಂದ ಗೆದ್ದು ಕಪ್ ಎತ್ತಿದ. ಆಸ್ಟ್ರೇಲಿಯಕ್ಕೆ 1924, 1928, 1932ರಲ್ಲಿ ಮೂರು ಸಲ ಬ್ರಿಟನ್ ತಂಡದ ಜೊತೆ ಹಡಗಿನಲ್ಲಿ ಹೋದ, ಕೊನೆಯ ಸಲ ನಾಯಕನಾಗಿ. ಆ ವರ್ಷ ಸಿಡ್ನಿಯ ಮೊದಲ ಟೆಸ್ಟ್ ನೋಡಲು ಬಂದವರು 70,204 ಜನ.

ಅಂಗಡಿಯ ಹೊರಗೆ ಸೂರಿನ ಕೆಳಗೆ ಮಳೆ ನಿಲ್ಲಲೆಂದು ಕಾಯುತ್ತಿದ್ದಾಗ ಕೈಚೀಲ ಹಿಡಿದ ಮುದುಕರೊಬ್ಬರು ಪಕ್ಕದಲ್ಲಿ ನಿಂತರು. ಏನು ಹುಡುಕುತ್ತಿದ್ದೀರಿ ಎಂದು ಕೇಳಿದರು. ಹೆಸರು ಹೇಳಿದ ಕೂಡಲೇ ಅವರ ಮುಖ ಅರಳಿತು. ತಾವು ಅವನ ಆಟ ಕಂಡವರಲ್ಲ, ಅಪ್ಪ ಕಂಡವರು. “ಅವನು ಗುಳಿ ಕೆತ್ತೋಕೆ ಶುರು ಮಾಡಿದ್ರೆ ಇಡೀ ಮೈದಾನ ಮೌನ ಆಗ್ತಿತ್ತಂತೆ. ನಮ್ಮಪ್ಪ ಗಣೀಲಿ ಕೆಲಸ ಮಾಡ್ತಿದ್ದೋರು. ವಾರವೆಲ್ಲ ಕತ್ತಲು, ಶನಿವಾರ ಮಾತ್ರ ಬೆಳಕು ಅಂತಿದ್ರು,” ಎಂದರು. ಆಮೇಲೆ ನನ್ನತ್ತ ಬಾಗಿ, “ಅವನು ವೇಲ್ಸ್‌ನವನು ಅಂತ ನಮ್ಮಪ್ಪ ಒಪ್ತಾನೇ ಇರಲಿಲ್ಲ. ನಮ್ಮೋನು ಅಂತಿದ್ರು,” ಎಂದರು. ಲೇಖಕ ಜಾರ್ಜ್ ಆರ್ವೆಲ್ ಬಡತನದ ಕಥೆ ಬರೆಯಲೆಂದು ಇದೇ ಊರಿಗೆ ಬಂದದ್ದು 1936ರ ಫೆಬ್ರವರಿಯಲ್ಲಿ. ಆತ ಗಣಿಯೊಳಗೆ ಬಗ್ಗಿ ತೆವಳಿದ ಆ ವಾರಗಳಲ್ಲೂ ಜಿಮ್ ವಿಗನ್‌ನ ಆಟಗಾರನೇ. ಆರ್ವೆಲ್ ಕಂಡ ಕತ್ತಲು ಮತ್ತು ಈ ಮುದುಕರ ಅಪ್ಪ ಕಂಡ ಬೆಳಕು, ಒಂದೇ ಊರಿನವು.

ಅದೇ 1936ರಲ್ಲಿ ಆಸ್ಟ್ರೇಲಿಯ ಪ್ರವಾಸಕ್ಕೆ ಮತ್ತೆ ನಾಯಕನಾಗಿ ಬಾ ಎಂದು ಜಿಮ್‌ಗೆ ಕರೆ ಬಂತು. ನಾಲ್ಕು ಸಲ ಹೋದವರು ಆವರೆಗೆ ಯಾರೂ ಇರಲಿಲ್ಲ. ಹೆಂಡತಿಗೆ ಹುಷಾರಿರಲಿಲ್ಲ, ಒಲ್ಲೆನೆಂದ. ಹದಿನೇಳರಲ್ಲಿ ಮನೆ ಬಿಟ್ಟು ಹೋದನೆಂದು ಯಾರನ್ನು ಊರು ದೂರಿತೋ ಅವನು ಮೂವತ್ತೆರಡರಲ್ಲಿ, ತನ್ನ ಆಟದ ಅತಿ ದೊಡ್ಡ ಮರ್ಯಾದೆ ಕೈಗೆ ಬಂದಾಗ, ಮನೆಯಲ್ಲೇ ಉಳಿದ. ಆ 22 ಗೋಲಿನ ಮಧ್ಯಾಹ್ನಕ್ಕಿಂತ ಈ ನಿರಾಕರಣೆಯಲ್ಲೇ ನನಗೆ ಅವನು ಹೆಚ್ಚು ಹತ್ತಿರವಾದದ್ದು.

ನಲವತ್ತೆರಡರವರೆಗೆ ಆಡಿ 1946ರಲ್ಲಿ ನಿಲ್ಲಿಸಿದ. ಆಮೇಲೆ ಕೋಚ್. ವಿಗನ್‌ನ ಬದ್ಧ ಎದುರಾಳಿ ಸೇಂಟ್ ಹೆಲೆನ್ಸ್‌ಗೆ ಅವರ ಮೊದಲ ಚಾಲೆಂಜ್ ಕಪ್ ಗೆದ್ದುಕೊಟ್ಟದ್ದು 1956ರಲ್ಲಿ, ಇವನೇ. ಲೀಗಿನಲ್ಲಿ ವೇಲ್ಸ್ ಪರ 26 ಪಂದ್ಯ ಆಡಿದ. ಹಾಗಾಗಿ ವೇಲ್ಸ್‌ನ ಆಟಗಾರ ಎನಿಸಿಕೊಂಡದ್ದು ಸುಳ್ಳಾಗಲಿಲ್ಲ. ಆದರೆ ಕಾರ್ಡಿಫ್ ಕ್ಲಬ್ಬಿನ ಜರ್ಸಿ ತೊಟ್ಟು ಆರ್ಮ್ಸ್ ಪಾರ್ಕ್‌ಗೆ ಮರಳುವ ದಾರಿ ಮುಚ್ಚಿಯೇ ಇತ್ತು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಿಗಷ್ಟೇ ಆ ಬಹಿಷ್ಕಾರ ಸಡಿಲವಾಯಿತು. 1943ರಲ್ಲೊಮ್ಮೆ, 1944ರಲ್ಲೊಮ್ಮೆ ಲೀಗಿನವರೂ ಯೂನಿಯನ್ನಿನವರೂ ಯೂನಿಯನ್ ನಿಯಮದಲ್ಲೇ ಎದುರೆದುರು ಆಡಿದರು. ಎರಡು ಸಲವೂ ಲೀಗಿನವರೇ ಗೆದ್ದರು. ಯುದ್ಧ ಮುಗಿಯಿತು, ಬಾಗಿಲು ಮತ್ತೆ ಮುಚ್ಚಿತು. ಯೂನಿಯನ್ ತಾನೇ ಹಣ ಕೊಡುತ್ತೇನೆಂದು ಒಪ್ಪಿಕೊಂಡದ್ದು 1995ರ ಆಗಸ್ಟ್ ಕೊನೆಯ ವಾರದಲ್ಲಿ. ಜಾರ್ಜ್ ಹೋಟೆಲಿನ ಆ ಸಭೆಗೆ ಆಗ ಸರಿಯಾಗಿ ನೂರು ವರ್ಷ. ಜಿಮ್ ತೀರಿಕೊಂಡದ್ದು 1977ರಲ್ಲಿ.

ಸಂಜೆಯ ರೈಲಿನಲ್ಲಿ ಜನ ಕಡಿಮೆ. ಕಿಟಕಿಯ ಗಾಜಿನ ಮೇಲೆ ಮಳೆಯ ಗೆರೆಗಳು ಓರೆಯಾಗಿ ಹಿಂದಕ್ಕೆ ಓಡುತ್ತಿದ್ದವು. ಬಾಯಲ್ಲಿ ಪೆಪ್ಪರ್‌ಮಿಂಟು. ಹೆರಿಫರ್ಡ್ ದಾಟಿದ ಮೇಲೆ ಸ್ಟೇಷನ್ ಫಲಕಗಳಲ್ಲಿ ವೆಲ್ಷ್ ಅಕ್ಷರಗಳು ಮರಳಿ ಬಂದವು. ಗಾರ್ಡ್ ಬಂದು ಕೈಚಾಚಿದಳು. ಒಳಜೇಬಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದ ಎರಡನೆಯ ಚೀಟಿಯನ್ನು ತೆಗೆದುಕೊಟ್ಟೆ. ಅದರ ಮೇಲೆ ಪೆನ್ನಿನಿಂದ ಸಣ್ಣ ಗೀಟು ಎಳೆದು, ಥ್ಯಾಂಕ್ಸ್ ಎಂದು ವೆಲ್ಷ್‌ನಲ್ಲಿ ಹೇಳಿ, ಮುಂದಿನ ಸೀಟಿಗೆ ಹೋದಳು.